ಅಂಗಾಲಿನ ಕೆಳಗಿನ ಉಕ್ಕಿನ ಬಿಲ್ಲೆ: ತೂಕದ ಯಂತ್ರ ಹೇಳುವ ‘ದೇಹದ ನೀರು’ ಎಷ್ಟು ನಿಜ?

*ಹೃದಯದ ಪಾಠ: ಕಾಶಿಯಾತ್ರೆಗೆ ಬರುವ ಹಿರಿಯರಿರುವ ಮನೆಗಳಿಗೆ*



ಕಾರ್ತಿಕ ಮಾಸ ಬಂತೆಂದರೆ ದಶಾಶ್ವಮೇಧ ಘಾಟಿನ ಮೆಟ್ಟಿಲುಗಳ ಮೇಲೆ ಕನ್ನಡ ಕಿವಿಗೆ ಬೀಳತೊಡಗುತ್ತದೆ. ಜಂಗಮವಾಡಿ ಮಠದಲ್ಲಿ ಇಳಿದುಕೊಂಡವರು, ಹನುಮಾನ್ ಘಾಟಿನ ಕರ್ನಾಟಕ ಛತ್ರದಲ್ಲಿ ಉಳಿದವರು, ಗೋದೌಲಿಯಾದ ಗಲ್ಲಿಗಳಲ್ಲಿ ದಾರಿ ಕೇಳುತ್ತಾ ಬರುವವರು. ಇಲ್ಲಿ ನೆಲೆಸಿರುವ ನಮ್ಮವರ ಮನೆಗಳಿಗೂ ಊರಿನಿಂದ ಅಮ್ಮ, ಅತ್ತೆ, ಮಾವ, ದೊಡ್ಡಪ್ಪ ಬರುವ ಕಾಲ ಇದೇ. ಮಾಘ ಮುಗಿಯುವವರೆಗೂ ಇದು ನಡೆಯುತ್ತದೆ.

ಈ ದಿನಗಳಲ್ಲಿ ಬರುವ ಸಂದೇಶಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಪ್ರಶ್ನೆ ಸೇರಿಕೊಂಡಿದೆ. ಹೆಚ್ಚು ಕಡಿಮೆ ಹೀಗಿರುತ್ತದೆ:

“ಡಾಕ್ಟ್ರೇ, ಅತ್ತೆಗೆ ಹಾರ್ಟ್ ಫೇಲ್ಯೂರ್ ಇದೆ, ನೀರಿನ ಮಾತ್ರೆ ತಗೋತಾರೆ. ಬೆಳಿಗ್ಗೆ ಗಂಗಾಸ್ನಾನ ಮುಗಿಸಿ ಬಂದು ನಮ್ಮ ಸ್ಮಾರ್ಟ್ ತೂಕದ ಯಂತ್ರದ ಮೇಲೆ ನಿಂತ್ರು. ದೇಹದಲ್ಲಿ ನೀರು ತುಂಬಾ ಕಡಿಮೆ ಅಂತ ತೋರಿಸ್ತಿದೆ. ನೀರಿನ ಮಾತ್ರೆ ನಿಲ್ಲಿಸಿಬಿಡಲಾ?”

*ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಿಲ್ಲಿಸಬೇಡಿ. ಆ ಅಂಕಿ ನೋಡಿಕೊಂಡು ಹೃದಯದ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು, ಹೆಚ್ಚಿಸಲೂಬಾರದು.*

ಏಕೆ ಎಂದು ತಿಳಿಯಬೇಕಾದರೆ ಆ ಯಂತ್ರ ಏನನ್ನು ಅಳೆಯುತ್ತದೆ, ಅಂಗಾಲಿನ ಕೆಳಗಿರುವ ಆ ಹೊಳೆಯುವ ಉಕ್ಕಿನ ಬಿಲ್ಲೆಗಳ ಕೆಲಸವೇನು ಎಂದು ತಿಳಿಯಬೇಕು. ಆ ಬಿಲ್ಲೆಯ ಹೆಸರು ಎಲೆಕ್ಟ್ರೋಡ್. ಇಸಿಜಿ ಮಾಡುವಾಗ ಎದೆಗೆ ಅಂಟಿಸುವುದೂ ಅದೇ ಜಾತಿಯದು. ಇದೊಂದು ಅರ್ಥವಾದರೆ ಇಸಿಜಿ, ಪೇಸ್‌ಮೇಕರ್, ಎದೆಗೆ ಶಾಕ್ ಕೊಡುವ ಯಂತ್ರ, ಎಲ್ಲದರ ಗುಟ್ಟೂ ಅರ್ಧ ಬಿಟ್ಟುಕೊಡುತ್ತದೆ. ಸ್ವಲ್ಪ ಉದ್ದದ ಪಾಠ, ನಿಧಾನವಾಗಿ ಓದಿ.

*1. ಯಂತ್ರ ನೀರನ್ನು ನೋಡುವುದೇ ಇಲ್ಲ*

ತೂಕದ ಯಂತ್ರ ನಿಜವಾಗಿ ಅಳೆಯುವುದು ಎರಡೇ ಸಂಗತಿ. ಒಂದು, ನಿಮ್ಮ ಭಾರ. ಇನ್ನೊಂದು, ನಿಮ್ಮ ದೇಹ ವಿದ್ಯುತ್ತಿಗೆ ಎಷ್ಟು ಅಡ್ಡಿ ಮಾಡುತ್ತದೆ ಎಂಬುದು. ಈ ಅಡ್ಡಿಗೆ ಇಂಪೀಡೆನ್ಸ್ ಎನ್ನುತ್ತಾರೆ, ಅಳತೆ ಓಮ್‌ಗಳಲ್ಲಿ.

ಗೊತ್ತಿರುವಷ್ಟು ವಿದ್ಯುತ್ತನ್ನು ದೇಹದೊಳಗೆ ಹರಿಸಿ, ಅದರಿಂದ ಎಷ್ಟು ವೋಲ್ಟ್ ಹುಟ್ಟಿತು ಎಂದು ನೋಡಿ, ಭಾಗಿಸಿದರೆ ಅಡ್ಡಿ ಸಿಗುತ್ತದೆ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು, ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇ. ಆಸ್ಪತ್ರೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಿಡುವುದು 800 ಮೈಕ್ರೋಆಂಪಿಯರ್, ಅಂದರೆ ಒಂದು ಆಂಪಿಯರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಕೈಯಿಂದ ಕಾಲಿನವರೆಗೆ ದೇಹದ ಅಡ್ಡಿ ಸುಮಾರು 500 ಓಮ್ ಎಂದಿಟ್ಟುಕೊಂಡರೆ ಹುಟ್ಟುವ ವೋಲ್ಟ್ 0.4 ಮಾತ್ರ. ಗೋಡೆ ಗಡಿಯಾರದ ಸೆಲ್ಲಿನಲ್ಲಿರುವುದೇ 1.5 ವೋಲ್ಟ್. ಅದಕ್ಕೇ ನಮಗೆ ಏನೂ ಗೊತ್ತಾಗುವುದಿಲ್ಲ.

ದೇಹದಲ್ಲಿ ವಿದ್ಯುತ್ತು ಸಾಗುವುದು ಉಪ್ಪಿನಂಶವಿರುವ ನೀರಿನಲ್ಲಿ. ರಕ್ತ, ಸ್ನಾಯು ಸುಲಭ ದಾರಿ. ಕೊಬ್ಬು, ಮೂಳೆ, ಗಾಳಿ ತುಂಬಿದ ಶ್ವಾಸಕೋಶ ಕಷ್ಟದ ದಾರಿ. ಆದ್ದರಿಂದ ಅಡ್ಡಿ ಕಡಿಮೆ ಬಂದರೆ “ನೀರು ಹೆಚ್ಚು”, ಅಡ್ಡಿ ಹೆಚ್ಚು ಬಂದರೆ “ನೀರು ಕಡಿಮೆ, ಕೊಬ್ಬು ಹೆಚ್ಚು” ಎಂದು ಯಂತ್ರ *ಊಹಿಸುತ್ತದೆ*. ನೀವು ಕೊಟ್ಟ ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬ ಮಾಹಿತಿಯನ್ನು ಸೂತ್ರದಲ್ಲಿ ಸೇರಿಸಿ ಶೇಕಡಾ ಲೆಕ್ಕ ಕೊಡುತ್ತದೆ. ಆ ಸೂತ್ರಗಳನ್ನು ಹೆಚ್ಚಾಗಿ ಆರೋಗ್ಯವಂತರ ಮೇಲೆ ಅಳೆದು ಮಾಡಿರುತ್ತಾರೆ, ಕಾಲು ಊದಿದ ಹೃದಯ ರೋಗಿಗಳ ಮೇಲಲ್ಲ.

*2. ಮೊದಲ ಗೋಡೆ: ನಮ್ಮ ಚರ್ಮ*

ಒಳಗಿನ ಸ್ನಾಯು, ರಕ್ತ ಎಷ್ಟು ಅಡ್ಡಿ ಮಾಡುತ್ತವೆ ಎಂದು ತಿಳಿಯಬೇಕು. ಆದರೆ ಎಲೆಕ್ಟ್ರೋಡ್ ಇರುವುದು ಹೊರಗೆ, ಮಧ್ಯೆ ಚರ್ಮವಿದೆ. ಚರ್ಮದ ಅತ್ಯಂತ ಮೇಲಿನ ಪದರ ಸತ್ತ, ಒಣಗಿದ ಜೀವಕೋಶಗಳದ್ದು. ತೋಳು, ಎದೆಯ ಮೇಲೆ ಅದು ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ಮಾತ್ರ ದಪ್ಪ. ಅಂಗಾಲು, ಹಿಮ್ಮಡಿಯಲ್ಲಿ ಅದಕ್ಕಿಂತ ಹತ್ತಾರು ಪಟ್ಟು ದಪ್ಪ.

ಇಷ್ಟು ತೆಳು ಪದರ ಎಷ್ಟು ತಡೆಯುತ್ತದೆ ಗೊತ್ತೇ? ಒರೆಸದ, ಉಜ್ಜದ ಚರ್ಮದ ಒಂದು ಚದರ ಸೆಂಟಿಮೀಟರಿನಲ್ಲಿ, ಸೆಕೆಂಡಿಗೆ ಒಂದೇ ಸಲ ದಿಕ್ಕು ಬದಲಿಸುವ ನಿಧಾನದ ವಿದ್ಯುತ್ತಿಗೆ 10 ಸಾವಿರದಿಂದ 10 ಲಕ್ಷ ಓಮ್‌ಗಳವರೆಗೆ ಅಡ್ಡಿ ಇರಬಹುದು. ನಮಗೆ ಬೇಕಾದ ಒಳಗಿನ ಅಡ್ಡಿ ಕೇವಲ 500 ಓಮ್. ತೇರಿನ ತೂಕ ಹಾಕಿ ಅದರಲ್ಲಿ ಕಟ್ಟಿದ ಹೂವಿನ ತೂಕ ಹೇಳು ಎಂದ ಹಾಗೆ.

ಆದ್ದರಿಂದ ದೇಹದ ಇಂಪೀಡೆನ್ಸ್ ಅಳೆಯುವ ಕಲೆಯ ಚರಿತ್ರೆಯೆಲ್ಲ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: *ಚರ್ಮದ ಗೋಡೆಯನ್ನು ಲೆಕ್ಕದಿಂದ ತೆಗೆಯುವುದು ಹೇಗೆ?*

*3. ಉಪ್ಪುನೀರಿನ ಜಾಡಿಯಿಂದ ಅಂಟು ಬಿಲ್ಲೆಯವರೆಗೆ*

ಹೃದಯದ ವಿದ್ಯುತ್ತನ್ನು ಮೊದಲು ದಾಖಲಿಸಿದವರು ಚರ್ಮವನ್ನು ನೀರಿನಿಂದ ಗೆದ್ದರು. ಲಂಡನ್ನಿನ ಅಗಸ್ಟಸ್ ವಾಲರ್ 1887ರಲ್ಲಿ ಮನುಷ್ಯನ ಹೃದಯದ ವಿದ್ಯುತ್ತನ್ನು ಹೊರಗಿನಿಂದಲೇ ದಾಖಲಿಸಿ ತೋರಿಸಿದರು. ತಮ್ಮ ಸಾಕುನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿಯೂ ತೋರಿಸುತ್ತಿದ್ದರು. ಹಾಲೆಂಡಿನ ವಿಲ್ಲೆಮ್ ಐಂಥೋವೆನ್ ಅವರ ಇಸಿಜಿ ಚಿತ್ರಗಳಲ್ಲಿ ರೋಗಿ ಎರಡೂ ಕೈ, ಒಂದು ಕಾಲನ್ನು ಉಪ್ಪುನೀರಿನ ಜಾಡಿಗಳಲ್ಲಿ ಅದ್ದಿ ಕುಳಿತಿರುತ್ತಾನೆ. ಆ ಕೆಲಸಕ್ಕೆ 1924ರಲ್ಲಿ ಅವರಿಗೆ ನೊಬೆಲ್ ಬಂತು. ನೀರು ಮತ್ತು ಉಪ್ಪು ಒಣ ಪದರದೊಳಗೆ ಇಳಿದು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ಇಂದು ಇಸಿಜಿ ತಂತ್ರಜ್ಞರು ಹಚ್ಚುವ ತಣ್ಣನೆಯ ಜೆಲ್ ಆ ಜಾಡಿಯ ಮೊಮ್ಮಗು ಅಷ್ಟೆ.

ಇನ್ನೊಂದು ತೊಡಕು ಲೋಹದ್ದು. ತಂತಿಯಲ್ಲಿ ವಿದ್ಯುತ್ತನ್ನು ಹೊರುವುದು ಎಲೆಕ್ಟ್ರಾನ್. ದೇಹದಲ್ಲಿ ಹೊರುವುದು ಸೋಡಿಯಂ, ಕ್ಲೋರೈಡ್ ಮುಂತಾದ ಅಯಾನುಗಳು. ಗಡಿಯಲ್ಲಿ ಒಂದರ ಕೈಯಿಂದ ಇನ್ನೊಂದರ ಕೈಗೆ ಹೊರೆ ಬದಲಾಗಬೇಕು. ಬರೀ ಉಕ್ಕಿನಲ್ಲಿ ಈ ಬದಲಾವಣೆ ಸಲೀಸಾಗಿ ಆಗುವುದಿಲ್ಲ. ಗಡಿಯಲ್ಲಿ ವಿದ್ಯುತ್ತು ಜಮಾಯಿಸಿ ಸುಳ್ಳು ವೋಲ್ಟ್ ಹುಟ್ಟಿಸುತ್ತದೆ. ಬೆಳ್ಳಿಯ ಮೇಲೆ ಸಿಲ್ವರ್ ಕ್ಲೋರೈಡಿನ ತೆಳು ಲೇಪ ಕೊಟ್ಟರೆ, ಕ್ಲೋರೈಡ್ ಅಯಾನು ಬರುತ್ತಾ ಹೋಗುತ್ತಾ ಹೊರೆ ಬದಲಾವಣೆ ಸುಲಭವಾಗುತ್ತದೆ. ಅದಕ್ಕೇ ಆಸ್ಪತ್ರೆಯ ಅಂಟು ಬಿಲ್ಲೆಯ ನಡುವಿನ ಗುಂಡಿಯಲ್ಲಿ ಈ ಲೇಪ, ಅದರ ಕೆಳಗೆ ಉಪ್ಪು ಬೆರೆತ ಜೆಲ್ ಇರುವುದು. ಜೆಲ್ ಚರ್ಮದೊಳಗೆ ಇಳಿಯಲು ಕೆಲವು ನಿಮಿಷ ಬೇಕು. ಅಂಟಿಸಿದ ಕ್ಷಣ ಗೆರೆ ಅಲುಗಾಡುತ್ತಿದ್ದು ಆಮೇಲೆ ನೆಟ್ಟಗಾಗುವುದಕ್ಕೆ ಇದೂ ಒಂದು ಕಾರಣ.

*4. ಎರಡರ ಬದಲು ನಾಲ್ಕು*

ಅತಿ ದೊಡ್ಡ ಸುಧಾರಣೆ ನಾಲ್ಕು ಎಲೆಕ್ಟ್ರೋಡಿನ ವಿಧಾನ. ಇದನ್ನು ನಮ್ಮ ಘಾಟಿನ ಲೆಕ್ಕದಲ್ಲೇ ಹೇಳುತ್ತೇನೆ.

ದಶಾಶ್ವಮೇಧದಿಂದ ದೋಣಿ ಆಚೆ ದಡಕ್ಕೆ ಹೋಗಲು ಎಷ್ಟು ಹೊತ್ತು ಬೇಕು ಎಂದು ತಿಳಿಯಬೇಕು ಎನ್ನಿ. ದೋಣಿ ಹತ್ತಿದವರೇ ಗಡಿಯಾರ ನೋಡಿದರೆ, ಹತ್ತುವಾಗಿನ ನೂಕುನುಗ್ಗಲು, ಇಳಿಯುವಾಗಿನ ಕೆಸರು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಹೊಳೆಯ ವಿಷಯ ತಿಳಿಯುವುದೇ ಇಲ್ಲ. ಅದರ ಬದಲು ನೀರಿನ ನಡುವೆ ಎರಡು ಕಡೆ ಇಬ್ಬರನ್ನು ನಿಲ್ಲಿಸಿ, ದೋಣಿ ಒಬ್ಬರನ್ನು ದಾಟಿ ಇನ್ನೊಬ್ಬರನ್ನು ಮುಟ್ಟುವ ಹೊತ್ತನ್ನು ಮಾತ್ರ ಬರೆಯಿರಿ. ದಡದ ನೂಕಾಟ ಲೆಕ್ಕದಿಂದ ಹೊರಗೆ ಉಳಿಯಿತು.

ನಾಲ್ಕು ಎಲೆಕ್ಟ್ರೋಡಿನಲ್ಲೂ ಹೀಗೆಯೇ. ಹೊರಗಿನ ಎರಡು ವಿದ್ಯುತ್ತನ್ನು ಒಳಕ್ಕೆ ಬಿಡುತ್ತವೆ. ಒಳಗಿನ ಎರಡು ವೋಲ್ಟನ್ನು ನೋಡುತ್ತವೆ, ಅಷ್ಟೆ. ನೋಡುವ ಈ ಎರಡರ ಮೂಲಕ ವಿದ್ಯುತ್ತು ಹೆಚ್ಚು ಕಡಿಮೆ ಹರಿಯುವುದೇ ಇಲ್ಲ. ಹರಿಯದಿದ್ದರೆ ಅಲ್ಲಿನ ಚರ್ಮದ ಅಡ್ಡಿ ಅಂಕಿಯನ್ನು ಕೆಡಿಸುವುದಿಲ್ಲ. ನಿಮ್ಮ ತೂಕದ ಯಂತ್ರವನ್ನು ನೋಡಿ: ಒಂದೊಂದು ಪಾದಕ್ಕೂ ಎರಡೆರಡು ಬಿಲ್ಲೆ, ಮುಂದೊಂದು, ಹಿಮ್ಮಡಿಗೊಂದು. ಒಟ್ಟು ನಾಲ್ಕು.

1966ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕುಬಿಚೆಕ್ ಮತ್ತು ಸಂಗಡಿಗರು ಇದೇ ಉಪಾಯದಿಂದ, ಕುತ್ತಿಗೆಗೆ ಎರಡು, ಎದೆಯ ಕೆಳಭಾಗಕ್ಕೆ ಎರಡು ಪಟ್ಟಿ ಸುತ್ತಿ, ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ ಎಂದು ಅಂದಾಜು ಮಾಡುವ ವಿಧಾನ ಕೊಟ್ಟರು. ಸೂಜಿ ಚುಚ್ಚದೆ ಅಳೆಯಬಹುದು ಎಂಬ ಕಾರಣಕ್ಕೆ ಬಾಹ್ಯಾಕಾಶ ಸಂಶೋಧನೆಯವರಿಗೂ ಅದು ಬೇಕಾಗಿತ್ತು. ನಮ್ಮ ದೇಶದಲ್ಲಿ ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇದೇ ತತ್ತ್ವದ ಮೇಲೆ ಕೈಕಾಲುಗಳ ರಕ್ತ ಸಂಚಾರ ನೋಡುವ ಯಂತ್ರವನ್ನು ರೂಪಿಸಿತು. ಇದೇ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಆವರಣದ ಐಐಟಿಯಲ್ಲಿ ಜೈವಿಕ ವೈದ್ಯಕೀಯ ಎಂಜಿನಿಯರಿಂಗ್ ಕಲಿಸುವ ವಿಭಾಗವೇ ಇದೆ. ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ, ವೈದ್ಯಕೀಯ ಎಂದರೆ ಎಂಬಿಬಿಎಸ್ ಒಂದೇ ಅಲ್ಲ ಎಂದು ತೋರಿಸಲು ಇದು ಒಳ್ಳೆಯ ಉದಾಹರಣೆ.

*5. ನಿಧಾನದ ವಿದ್ಯುತ್ತು, ವೇಗದ ವಿದ್ಯುತ್ತು*

ಜೀವಕೋಶದ ಪೊರೆ ಕೊಬ್ಬಿನ ಬಲು ತೆಳು ಹಾಳೆ. ಒಳಗೂ ಉಪ್ಪುನೀರು, ಹೊರಗೂ ಉಪ್ಪುನೀರು. ನಿಧಾನವಾಗಿ ದಿಕ್ಕು ಬದಲಿಸುವ ವಿದ್ಯುತ್ತು ಈ ಹಾಳೆಯನ್ನು ದಾಟಲಾರದು. ಕಾಶಿಯ ಗಲ್ಲಿಗಳಲ್ಲಿ ಮನೆಗಳನ್ನು ಬಳಸಿಕೊಂಡು ನಡೆಯುವ ಹಾಗೆ ಕೋಶಗಳ ನಡುವಿನ ಸಂದಿಯಲ್ಲೇ ಸಾಗುತ್ತದೆ. ವೇಗ ಹೆಚ್ಚಿಸಿದರೆ ಪೊರೆ ದಾರಿ ಬಿಟ್ಟಂತಾಗಿ ಕೋಶದ ಒಳಗೂ ಹರಿಯುತ್ತದೆ. 1925ರಲ್ಲಿ ಹ್ಯೂಗೋ ಫ್ರಿಕ್ ರಕ್ತದ ಕೆಂಪು ಕಣಗಳ ಮೇಲೆ ಹೀಗೆ ಅಳೆದೇ, ಪೊರೆ ಎಷ್ಟು ತೆಳುವಿರಬೇಕು ಎಂದು ಲೆಕ್ಕ ಹಾಕಿದರು. ಆಗ ಪೊರೆಯನ್ನು ಕಣ್ಣಾರೆ ಕಾಣುವ ಸೂಕ್ಷ್ಮದರ್ಶಕವೇ ಇರಲಿಲ್ಲ.

ಇದರಿಂದ ಎರಡು ಲಾಭ. ಒಂದು, ಹಲವು ವೇಗಗಳಲ್ಲಿ ಅಳೆದರೆ ಕೋಶದ ಹೊರಗಿನ ನೀರು ಎಷ್ಟು, ಒಳಗಿನದು ಎಷ್ಟು ಎಂದು ಬೇರ್ಪಡಿಸಿ ಅಂದಾಜು ಮಾಡಬಹುದು. ಡಯಾಲಿಸಿಸ್ ಕೇಂದ್ರಗಳಲ್ಲಿ ಬಳಸುವ ಒಳ್ಳೆಯ ಯಂತ್ರಗಳು ಹೀಗೆ ಮಾಡುತ್ತವೆ. ಎರಡು, ವೇಗ ಹೆಚ್ಚಿದಂತೆ ಚರ್ಮದ ಅಡ್ಡಿಯೂ ಕುಸಿಯುತ್ತದೆ. ಲಕ್ಷ ಓಮ್ ಇದ್ದದ್ದು, ಸೆಕೆಂಡಿಗೆ ಒಂದು ಲಕ್ಷ ಸಲ ದಿಕ್ಕು ಬದಲಿಸುವಾಗ ಕೆಲವು ನೂರು ಓಮ್‌ಗೆ ಇಳಿಯುತ್ತದೆ. ಅದಕ್ಕೇ ಸಾಮಾನ್ಯ ಯಂತ್ರಗಳು 50 ಕಿಲೋಹರ್ಟ್ಸ್ ಎಂಬ ನಡುವಿನ ವೇಗವನ್ನು ಆರಿಸಿಕೊಂಡಿವೆ.

*6. ಅಳೆಯುವ ಪ್ರೋಬ್ ಸುಧಾರಿಸಲು ಇನ್ನೇನು ಮಾಡುತ್ತಾರೆ?*

ಪ್ರಯೋಗಾಲಯದಲ್ಲಿ ಒಂದು ತುಂಡು ಅಂಗಾಂಶವನ್ನೋ, ಶಸ್ತ್ರಕ್ರಿಯೆಯಲ್ಲಿ ಒಂದು ಅಂಗವನ್ನೋ ಮುಟ್ಟಿ ಅಳೆಯುವ ಪೆನ್ನಿನಂಥ ಪ್ರೋಬ್‌ಗಳಲ್ಲೂ ಇದೇ ಹೋರಾಟ. ಅಲ್ಲಿ ನಾಲ್ಕು ಸಂಗತಿ ಮುಖ್ಯ.

• *ತುದಿಯ ಗಾತ್ರ:* ತುದಿ ಸಣ್ಣದಾದಷ್ಟೂ ಚಿಕ್ಕ ಜಾಗವನ್ನು ನೋಡಬಹುದು. ಆದರೆ ಮುಟ್ಟುವ ಜಾಗ ಕಡಿಮೆಯಾಗಿ ಸಂಪರ್ಕದ ಅಡ್ಡಿ ಏರುತ್ತದೆ. ಪರಿಹಾರವೆಂದರೆ ಮೇಲ್ಮೈಯನ್ನು ಒರಟು ಮಾಡುವುದು. ಪ್ಲಾಟಿನಂ ಮೇಲೆ ಪ್ಲಾಟಿನಂನದೇ ಕಪ್ಪು ಪುಡಿಯಂಥ ಲೇಪ ಕೊಟ್ಟರೆ, ನೋಡಲು ಅಷ್ಟೇ ಇದ್ದರೂ ಮುಟ್ಟುವ ಮೇಲ್ಮೈ ಅನೇಕ ಪಟ್ಟು ಹೆಚ್ಚುತ್ತದೆ.

• *ನಡುವಿನ ಅಂತರ:* ಎಲೆಕ್ಟ್ರೋಡ್‌ಗಳು ಹತ್ತಿರವಿದ್ದರೆ ಮೇಲ್ಪದರ ಮಾತ್ರ ಕಾಣುತ್ತದೆ, ದೂರ ಸರಿಸಿದರೆ ಆಳ ಕಾಣುತ್ತದೆ. ಏನು ನೋಡಬೇಕೋ ಅದಕ್ಕೆ ತಕ್ಕ ಅಂತರ ಇಡಬೇಕು.

• *ಒತ್ತುವ ಬಲ:* ಜೋರಾಗಿ ಒತ್ತಿದರೆ ಅಲ್ಲಿನ ರಕ್ತ, ನೀರು ಪಕ್ಕಕ್ಕೆ ಸರಿದು ಅಡ್ಡಿಯೇ ಬದಲಾಗುತ್ತದೆ. ಒಳ್ಳೆಯ ಪ್ರೋಬಿನಲ್ಲಿ ಸ್ಪ್ರಿಂಗ್ ಇದ್ದು, ಯಾರು ಹಿಡಿದರೂ ಒತ್ತಡ ಒಂದೇ ಇರುತ್ತದೆ.

• *ಉಷ್ಣತೆ:* ಉಪ್ಪುನೀರು ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಅದರ ವಿದ್ಯುತ್ ವಾಹಕತೆ ಸುಮಾರು ಶೇ. 2 ಕುಸಿಯುತ್ತದೆ. ಹತ್ತು ಡಿಗ್ರಿ ಇಳಿದರೆ ಸುಮಾರು ಶೇ. 20! ಅದಕ್ಕೇ ಅಳೆಯುವ ಮೊದಲು ಗೊತ್ತಿರುವ ಸಾಂದ್ರತೆಯ, ಗೊತ್ತಿರುವ ಉಷ್ಣತೆಯ ಉಪ್ಪುನೀರಿನಲ್ಲಿ ಪ್ರೋಬನ್ನು ಅದ್ದಿ ಸರಿಯಾಗಿದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಾರೆ.

ದಶಾಶ್ವಮೇಧದ ಪಕ್ಕದಲ್ಲೇ ಮಾನ್ ಮಂದಿರ ಘಾಟ್. ಅಲ್ಲಿನ ಮಹಡಿಯ ಮೇಲೆ ಜಯಪುರದ ಸವಾಯಿ ಜಯಸಿಂಹ 18ನೇ ಶತಮಾನದಲ್ಲಿ ಕಟ್ಟಿಸಿದ ಖಗೋಳ ಯಂತ್ರಗಳಿವೆ. ಸೂರ್ಯನ ನೆರಳು ಅಳೆಯುವ ಕಟ್ಟೆ ಅಲುಗಿದರೆ ಲೆಕ್ಕವೆಲ್ಲ ತಪ್ಪು ಎಂದು ಕಲ್ಲು ಗಾರೆಯಲ್ಲಿ ಭದ್ರವಾಗಿ ಕಟ್ಟಿದರು. ಯಾತ್ರೆಗೆ ಬಂದವರು ಹತ್ತಿ ನೋಡಿ. ಅಳತೆಯ ವಿಷಯದಲ್ಲಿ ಆಗಿನ ಮಾತೇ ಈಗಲೂ: ಅಂಕಿಗಿಂತ ಮೊದಲು ಅಂಕಿ ಕೊಡುವ ಸಾಧನದ ಕಾಲು ನೆಟ್ಟಗಿದೆಯೇ ನೋಡಬೇಕು.

*7. ಈಗ ಅತ್ತೆಯವರ ಅಂಕಿಗೆ ಬರೋಣ*

ಚಳಿಗಾಲದ ಮುಂಜಾನೆ ವಾರಾಣಸಿಯಲ್ಲಿ 10 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳಿವೆ. ತಣ್ಣೀರಲ್ಲಿ ನಿಂತು ಬಂದ ಕಾಲು. ರಕ್ತನಾಳಗಳು ಸಂಕುಚಿಸಿವೆ, ಕಾಲಿನ ಅಂಗಾಂಶವೇ ತಣ್ಣಗಾಗಿದೆ. *ಅಡ್ಡಿ ಏರಿತು.* ಮೆಟ್ಟಿಲು ಹತ್ತಿ, ಬರಿಗಾಲಲ್ಲಿ ನಡೆದು ಒಡೆದ ಹಿಮ್ಮಡಿ. ಅದಕ್ಕೆ ರಾತ್ರಿ ಹಚ್ಚಿದ ಕೊಬ್ಬರಿ ಎಣ್ಣೆ. *ಸಂಪರ್ಕ ಇನ್ನೂ ಕೆಟ್ಟಿತು.* ನಾಲ್ಕು ಎಲೆಕ್ಟ್ರೋಡಿನ ಉಪಾಯವಿದ್ದರೂ ಚರ್ಮದ ಅಡ್ಡಿ ಮಿತಿಮೀರಿದರೆ ಅಗ್ಗದ ಯಂತ್ರ ಸೋಲುತ್ತದೆ. ಜೆಲ್ ಇಲ್ಲ, ಸಿಲ್ವರ್ ಕ್ಲೋರೈಡ್ ಇಲ್ಲ, ಇರುವುದು ಬರೀ ಉಕ್ಕು. ಯಂತ್ರಕ್ಕೆ ಗೊತ್ತಿರುವುದು ಒಂದೇ ಮಾತು: ಅಡ್ಡಿ ಹೆಚ್ಚಾದರೆ ನೀರು ಕಡಿಮೆ. ಅದನ್ನೇ ಹೇಳಿತು.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಹೃದಯ ದುರ್ಬಲವಾಗಿ ಕಾಲಿನಲ್ಲಿ ನೀರು ತುಂಬಿ ಊದಿಕೊಂಡರೆ ಅಡ್ಡಿ *ಇಳಿಯುತ್ತದೆ*. ಆಗ ಯಂತ್ರ “ಕೊಬ್ಬು ಕಡಿಮೆಯಾಗಿದೆ” ಎಂದು ಶಭಾಸ್ ಹೇಳಬಹುದು! ರೋಗ ಹೆಚ್ಚುತ್ತಿರುವಾಗ ಹಸಿರು ಬಣ್ಣದ ಟಿಕ್ ಗುರುತು.

ಮೂರನೆಯದು: ಪಾದದಿಂದ ಪಾದಕ್ಕೆ ಹರಿಯುವ ವಿದ್ಯುತ್ತು ಒಂದು ಕಾಲಿನಲ್ಲಿ ಏರಿ ಇನ್ನೊಂದು ಕಾಲಿನಲ್ಲಿ ಇಳಿಯುತ್ತದೆ. ಎದೆಯತ್ತ ಅದು ಹೋಗುವುದೇ ಇಲ್ಲ ಎನ್ನಬಹುದು. ಕೈಯಿಂದ ಕಾಲಿಗೆ ಅಳೆದರೂ, ದೇಹದ ಭಾರದ ಸುಮಾರು ಅರ್ಧ ಇರುವ ಮುಂಡದ ಪಾಲು ಒಟ್ಟು ಅಡ್ಡಿಯಲ್ಲಿ ಹತ್ತನೇ ಒಂದು ಭಾಗದಷ್ಟೆ. ಏಕೆಂದರೆ ದಾರಿ ಅಗಲವಾದಷ್ಟೂ ಅಡ್ಡಿ ಕಡಿಮೆ. *ಶ್ವಾಸಕೋಶದಲ್ಲಿ ನೀರು ತುಂಬುತ್ತಿದ್ದರೂ ಮನೆಯ ಯಂತ್ರಕ್ಕೆ ಅದು ಕಾಣುವುದಿಲ್ಲ.* ಹಾರ್ಟ್ ಫೇಲ್ಯೂರ್‌ನಲ್ಲಿ ನಮಗೆ ಭಯವಿರುವುದು ಆ ನೀರಿನದೇ. ಇಂಥ ಅಂಕಿ ನಂಬಿ ಮಾತ್ರೆ ಬಿಟ್ಟರೆ, ಮೂರು ನಾಲ್ಕು ದಿನದಲ್ಲಿ ಮಲಗಿದರೆ ಉಸಿರು ಕಟ್ಟುವ ಸ್ಥಿತಿ ಬರಬಹುದು. ಅದೂ ಪರವೂರಿನಲ್ಲಿ, ನಡುರಾತ್ರಿ.

*8. ಹೃದಯ ವೈದ್ಯರು ಇಂಪೀಡೆನ್ಸನ್ನು ಎಲ್ಲಿ ನಂಬುತ್ತೇವೆ?*

ಹಾಗೆಂದು ಈ ವಿದ್ಯೆಯೇ ಸುಳ್ಳಲ್ಲ. ಎಲೆಕ್ಟ್ರೋಡ್ ಸರಿಯಾದ ಜಾಗದಲ್ಲಿ, ಸರಿಯಾಗಿ ಕುಳಿತರೆ ಅದು ಬಹಳ ಹೇಳುತ್ತದೆ.

• *ಐಸಿಯು ಮಾನಿಟರ್:* ಪರದೆಯ ಮೇಲೆ ಉಸಿರಾಟದ ಸಂಖ್ಯೆ ಬರುತ್ತದಲ್ಲ, ಅದನ್ನು ಎಣಿಸುವುದು ಸಾಮಾನ್ಯವಾಗಿ ಇಸಿಜಿಯ ಅದೇ ಅಂಟು ಬಿಲ್ಲೆಗಳು. ಉಸಿರು ಎಳೆದಾಗ ಎದೆಯಲ್ಲಿ ಗಾಳಿ ತುಂಬಿ ಅಡ್ಡಿ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಬಿಲ್ಲೆ ಸಡಿಲವಾದರೆ “ಉಸಿರಿಲ್ಲ” ಎಂದು ಅಲಾರಂ ಹೊಡೆಯಬಹುದು. ಗಾಬರಿಯಾಗದೆ ಮೊದಲು ರೋಗಿಯ ಎದೆ ನೋಡಿ, ತಕ್ಷಣ ನರ್ಸ್ ಅವರನ್ನು ಕರೆಯಿರಿ.

• *ಪೇಸ್‌ಮೇಕರ್ ತಪಾಸಣೆ:* ತಂತಿಯ ಇಂಪೀಡೆನ್ಸ್ ಪ್ರತಿ ಸಲ ನೋಡುತ್ತೇವೆ. ಹೆಚ್ಚಿನ ತಂತಿಗಳಲ್ಲಿ ಅದು ಸುಮಾರು 300ರಿಂದ 1500 ಓಮ್ ಒಳಗಿರುತ್ತದೆ. ಹಠಾತ್ತನೆ ತುಂಬಾ ಏರಿದರೆ ತಂತಿ ಮುರಿದಿರಬಹುದು, ತಿರುಪು ಸಡಿಲವಾಗಿರಬಹುದು. ತುಂಬಾ ಇಳಿದರೆ ತಂತಿಯ ಮೇಲಿನ ಹೊದಿಕೆ ಸವೆದಿರಬಹುದು. ಹಳೆಯ ಅಂಕಿಯ ಜೊತೆ ಹೋಲಿಸಿದರೆ ಮಾತ್ರ ಇದು ಗೊತ್ತಾಗುವುದು. ಆದ್ದರಿಂದ ಹಳೆಯ ವರದಿಗಳನ್ನು ಎಸೆಯಬೇಡಿ.

• *ಅಬ್ಲೇಷನ್ ಚಿಕಿತ್ಸೆ:* ಲಯ ತಪ್ಪಿದ ಹೃದಯದಲ್ಲಿ ಕ್ಯಾಥೆಟರ್ ತುದಿಯಿಂದ ಶಾಖ ಕೊಡುವಾಗ, ಅಂಗಾಂಶ ಬಿಸಿಯಾದಂತೆ ಅಡ್ಡಿ ಸುಮಾರು 10 ಓಮ್ ಇಳಿದರೆ ಶಾಖ ಸರಿಯಾಗಿ ತಾಕಿದೆ ಎಂದರ್ಥ. ಇದ್ದಕ್ಕಿದ್ದಂತೆ ಏರಿದರೆ ತುದಿಯಲ್ಲಿ ರಕ್ತ ಸೀದು ಹತ್ತಿಕೊಂಡಿರಬಹುದು. ಕೂಡಲೇ ನಿಲ್ಲಿಸುತ್ತೇವೆ.

• *ಎದೆಯೊಳಗಿನ ನೀರು:* ಎದೆಯಲ್ಲಿ ಅಳವಡಿಸಿದ ಕೆಲವು ಸಾಧನಗಳು ಶ್ವಾಸಕೋಶದ ಅಡ್ಡಿಯನ್ನು ದಿನವೂ ಅಳೆಯುತ್ತವೆ. 33 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆ ಸೇರಬೇಕಾಗಿ ಬಂದವರಲ್ಲಿ ರೋಗಿಗೆ ಉಬ್ಬಸ ಗೊತ್ತಾಗುವ ಸುಮಾರು 15 ದಿನ ಮೊದಲೇ ಅಡ್ಡಿ ಇಳಿಯತೊಡಗಿತ್ತು. ಎಲ್ಲರಿಗೂ ಸಂತೋಷವಾಯಿತು. ಆದರೆ ಆ ಇಳಿಕೆಗೆ ಅಲಾರಂ ಕಟ್ಟಿ ರೋಗಿಗಳಿಗೆ ಕೇಳಿಸುವಂತೆ ಮಾಡಿದ ಇನ್ನೊಂದು ಅಧ್ಯಯನ 2011ರಲ್ಲಿ ಬಂತು. ಅಲಾರಂ ಇದ್ದ ಗುಂಪಿನಲ್ಲಿ ಹಾರ್ಟ್ ಫೇಲ್ಯೂರ್‌ಗಾಗಿ ಆಸ್ಪತ್ರೆ ಸೇರುವುದು ಕಡಿಮೆಯಾಗಲಿಲ್ಲ, *ಹೆಚ್ಚಾಯಿತು*. ಎದೆಯೊಳಗೇ ಕುಳಿತ ಅಷ್ಟು ಒಳ್ಳೆಯ ಎಲೆಕ್ಟ್ರೋಡಿನ ಅಂಕಿಯೂ ಒಂದೇ ನಿಂತು ತೀರ್ಪು ಕೊಡಲಾರದು ಎಂದಾಯಿತು. ಇನ್ನು ಒಡೆದ ಹಿಮ್ಮಡಿಯ ಕೆಳಗಿನ ಉಕ್ಕಿನ ಮಾತೇನು?

*9. ಘಾಟಿನಲ್ಲಿ ಯಾರಾದರೂ ಕುಸಿದರೆ*

ಇಂಪೀಡೆನ್ಸ್ ಪ್ರಾಣ ಉಳಿಸುವ ಜಾಗ ಇದು. ತಣ್ಣೀರಿನ ಮುಳುಗು ರಕ್ತದೊತ್ತಡವನ್ನು ಒಮ್ಮೆಲೇ ಏರಿಸುತ್ತದೆ. ದುರ್ಬಲ ಹೃದಯಕ್ಕೆ ಅದು ಭಾರ.

ಹೃದಯ ನಿಂತವರಿಗೆ ಶಾಕ್ ಕೊಡುವ, ಸಾಮಾನ್ಯರೂ ಬಳಸಬಹುದಾದ ಯಂತ್ರಕ್ಕೆ ಎಇಡಿ ಎನ್ನುತ್ತಾರೆ. ವಿಮಾನ ನಿಲ್ದಾಣಗಳಲ್ಲಿ, ನೀವು ವಿದೇಶದಲ್ಲಿದ್ದರೆ ಮಾಲ್, ಶಾಲೆ, ಕಚೇರಿಗಳಲ್ಲೂ ನೋಡಿರುತ್ತೀರಿ. ಅದರ ಎರಡು ಅಂಟು ಪ್ಯಾಡ್‌ಗಳ ನಡುವೆ ದೊಡ್ಡವರ ಎದೆಯ ಅಡ್ಡಿ ಸರಾಸರಿ 70–80 ಓಮ್. ಪ್ಯಾಡ್ ಸರಿಯಾಗಿ ಅಂಟದಿದ್ದರೆ ಅಡ್ಡಿ ಏರಿ ಹೃದಯಕ್ಕೆ ತಲುಪುವ ವಿದ್ಯುತ್ತು ಕಡಿಮೆಯಾಗುತ್ತದೆ. ಯಂತ್ರ ಮೊದಲು ಈ ಅಡ್ಡಿಯನ್ನೇ ಅಳೆದು ನೋಡುತ್ತದೆ. ಅಂಟಿಲ್ಲವಾದರೆ ಪ್ಯಾಡ್ ನೋಡಿ ಎಂದು ಹೇಳುತ್ತದೆ.

ಕ್ರಮ ನೆನಪಿಡಿ:

1️⃣ ಕರೆದರೆ ಓಗೊಡುವುದಿಲ್ಲ, ಉಸಿರು ಸರಿಯಿಲ್ಲ ಎಂದರೆ ಒಬ್ಬರು ತಕ್ಷಣ 108 ಅಥವಾ 112ಕ್ಕೆ ಕರೆ ಮಾಡಿ. ಎಇಡಿ ಎಲ್ಲಿದೆ ಎಂದು ಕೇಳಿ ತರಿಸಿ.

2️⃣ ನೀರಿನಿಂದ ಎತ್ತಿ, ಒಣಗಿರುವ ಅಗಲವಾದ ಮೆಟ್ಟಿಲ ಮೇಲೆ ಅಂಗಾತ ಮಲಗಿಸಿ.

3️⃣ ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100–120 ಸಲ, 5–6 ಸೆಂ.ಮೀ. ಆಳಕ್ಕೆ ಒತ್ತಿ. ನಿಲ್ಲಿಸಬೇಡಿ. ನೀರಿನಲ್ಲಿ ಮುಳುಗಿದ್ದವರಾದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಲ್ಲವರು ಅದನ್ನೂ ಕೊಡಬೇಕು.

4️⃣ ಎಇಡಿ ಬಂದರೆ *ಎದೆಯನ್ನು ಟವೆಲಿನಿಂದ ಬೇಗ ಒರೆಸಿ.* ಒದ್ದೆ ಎದೆಗೆ ಪ್ಯಾಡ್ ಅಂಟುವುದಿಲ್ಲ, ವಿದ್ಯುತ್ತು ಮೇಲ್ಮೈಯಲ್ಲೇ ಹರಿದುಹೋಗಬಹುದು. ವಿಭೂತಿ, ಎಣ್ಣೆ, ಗಂಧ ಇದ್ದರೂ ಒರೆಸಿ. ನೋವಿನ ಅಥವಾ ಔಷಧದ ಪಟ್ಟಿ ಅಂಟಿಸಿದ್ದರೆ ಕಿತ್ತು ತೆಗೆಯಿರಿ.

5️⃣ ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ. ಪೇಸ್‌ಮೇಕರಿನ ಉಬ್ಬು ಕಂಡರೆ ಅದರ ಮೇಲಲ್ಲ, ನಾಲ್ಕು ಬೆರಳಿನಷ್ಟು ದೂರ. ಗಟ್ಟಿಯಾಗಿ ಒತ್ತಿ ಅಂಟಿಸಿ.

6️⃣ ಯಂತ್ರ ಹೇಳಿದಂತೆ ಮಾಡಿ. ಶಾಕ್ ಕೊಡುವಾಗ ಯಾರೂ ಮುಟ್ಟಬಾರದು. ಶಾಕ್ ಆದ ತಕ್ಷಣ ಮತ್ತೆ ಎದೆ ಒತ್ತಲು ಶುರುಮಾಡಿ.

*10. ಮನೆಯಲ್ಲಿ ಪಾಲಿಸಬೇಕಾದ್ದು*

✅ ತೂಕದ ಯಂತ್ರದಲ್ಲಿ ನಂಬಬೇಕಾದದ್ದು *ಕಿಲೋ*. ಹಾರ್ಟ್ ಫೇಲ್ಯೂರ್ ಇರುವವರು ದಿನವೂ ಬೆಳಿಗ್ಗೆ ಎದ್ದು ಮೂತ್ರವಿಸರ್ಜನೆ ಮಾಡಿ, ತಿಂಡಿಗೆ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಪ್ರವಾಸದಲ್ಲೂ ಬಿಡಬೇಡಿ.

✅ *3 ದಿನದಲ್ಲಿ 2 ಕೆ.ಜಿ.ಗಿಂತ ಹೆಚ್ಚಿದರೆ* ಅದು ಕೊಬ್ಬಲ್ಲ, ನೀರು. ಅಂದೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಊರಿನ ವೈದ್ಯರಾದರೂ ಸರಿ.

✅ ಕಣಕಾಲಿನ ಮೇಲೆ ಬೆರಳಿಟ್ಟು ಒತ್ತಿ ಗುಳಿ ಬೀಳುತ್ತದೆಯೇ ನೋಡಿ. ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ ಎಂದು ಕೇಳಿ. ನಿನ್ನೆ ಒಂದು ದಿಂಬು, ಇಂದು ಮೂರು ಎಂದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

✅ ನೀರು ನಿಜವಾಗಿ ಕಡಿಮೆಯಾಗುವುದೂ ಉಂಟು. ದಾರಿಯಲ್ಲಿ ವಾಂತಿ ಭೇದಿ ಆಗಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಮೂತ್ರ ತೀರಾ ಕಡಿಮೆಯಾದರೆ, ನೀರಿನ ಮಾತ್ರೆ ಎಷ್ಟು ತೆಗೆದುಕೊಳ್ಳಬೇಕು ಎಂದು ವೈದ್ಯರನ್ನು ಕೇಳಿ. ನಿರ್ಧಾರ ಅವರದು, ಯಂತ್ರದ್ದಲ್ಲ.

✅ ಕೊಬ್ಬು–ನೀರಿನ ಶೇಕಡಾ ನೋಡಲೇಬೇಕೆನ್ನುವ ಆರೋಗ್ಯವಂತರು ಒಂದೇ ಹೊತ್ತಿನಲ್ಲಿ, ಎಣ್ಣೆಯಿಲ್ಲದ, ತೊಳೆದು ಒರೆಸಿ ಬೆಚ್ಚಗಾದ ಪಾದದಲ್ಲಿ ನೋಡಿ. ಒಂದು ದಿನದ ಅಂಕಿ ಬಿಡಿ, ತಿಂಗಳುಗಳ ಏರಿಳಿತ ನೋಡಿ.

❌ *ಪೇಸ್‌ಮೇಕರ್, ಐಸಿಡಿ ಇರುವವರು, ಗರ್ಭಿಣಿಯರು* ದೇಹದ ಕೊಬ್ಬು ಅಳೆಯುವ ಯಂತ್ರದ ಮೇಲೆ ನಿಲ್ಲಬೇಡಿ ಎಂದು ತಯಾರಕರೇ ಸೂಚಿಸುತ್ತಾರೆ. ಅವರಿಗೆ ಸಾದಾ ತೂಕದ ಯಂತ್ರ ಸಾಕು.

✅ ಪೇಸ್‌ಮೇಕರ್ ಕಾರ್ಡ್, ಕೊನೆಯ ತಪಾಸಣೆಯ ವರದಿ, ಮಾತ್ರೆಗಳ ಪಟ್ಟಿ, ಮೂರನ್ನೂ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹಿಂದಿ ಬಾರದ ಹಿರಿಯರ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ.

✅ ಹೃದಯ ರೋಗವಿರುವ ಹಿರಿಯರಿಗೆ ಬಿಸಿಲು ಏರಿದ ಮೇಲೆ, ಮೆಟ್ಟಿಲ ಮೇಲೆಯೇ ಕುಳಿತು, ತಂಬಿಗೆಯಲ್ಲಿ ನೀರು ತೆಗೆದು ಮೊದಲು ಕಾಲಿಗೆ, ಆಮೇಲೆ ಮೈಗೆ ಹಾಕಿಕೊಳ್ಳಲು ಹೇಳಿ. ಮೂರು ಮುಳುಗಿನ ಹಟ ಬೇಡ. ತಂಬಿಗೆಯಲ್ಲಿರುವುದೂ ಗಂಗೆಯೇ.

✅ ಯಾತ್ರೆಯ ದಿನಗಳಲ್ಲಿ ಉಪ್ಪು ಲೆಕ್ಕ ತಪ್ಪುತ್ತದೆ. ಉಪ್ಪಿನಕಾಯಿ, ಹಪ್ಪಳ, ರೈಲಿನ ಚಿಪ್ಸ್, ಗಲ್ಲಿಯ ಕಚೋರಿ. ನಾಲಿಗೆಗೆ ಒಂದು ತುಂಡು ಸಾಕು. ನೀರಿನ ಮಾತ್ರೆಗೆ ದೊಡ್ಡ ವೈರಿ ಈ ಉಪ್ಪೇ.

ಯಂತ್ರ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಮೊಬೈಲಿನಲ್ಲಿ ಕೆಂಪು ಬಣ್ಣದ ಅಂಕಿ ಬಂದಾಗ, ಎಲೆಕ್ಟ್ರೋಡ್ ಏನನ್ನು ಮುಟ್ಟಿತ್ತು, ಹೇಗೆ ಮುಟ್ಟಿತ್ತು ಎಂದು ಒಮ್ಮೆ ಕೇಳಿಕೊಳ್ಳಿ. ಆಮೇಲೆ ಅಂಕಿಯನ್ನು ಬದಿಗಿಟ್ಟು ಅಮ್ಮನ ಕಾಲು ಮುಟ್ಟಿ ನೋಡಿ, ಉಸಿರು ನೋಡಿ, ರಾತ್ರಿ ನಿದ್ದೆ ಬಂತೇ ಎಂದು ಕೇಳಿ. ಸಂಶಯ ಉಳಿದರೆ ವೈದ್ಯರಿಗೆ ಫೋನ್ ಮಾಡಿ.

ಈ ಚಳಿಗಾಲದಲ್ಲಿ ಕಾಶಿಗೆ ಹೊರಟಿರುವ ಹಿರಿಯರು ನಿಮ್ಮ ಬಳಗದಲ್ಲಿದ್ದರೆ ಅವರ ಮನೆಯವರಿಗೆ ಇದನ್ನು ಕಳುಹಿಸಿ. ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಮಾತ್ರೆಯ ವಿಷಯದಲ್ಲಿ ನಿಮ್ಮನ್ನು ನೋಡುವ ವೈದ್ಯರ ಮಾತೇ ಕೊನೆಯದು.

ಎಲ್ಲರೂ ಕ್ಷೇಮವಾಗಿರಿ 🙏